ಕಳಚಿದ್ದು ಹೊಸಪೇಟೆಯ ಗೇಟು, ಒಣಗಿದ್ದು ಕ್ಯಾಂಪಿನ ಗದ್ದೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಸರಪಳಿ ತುಂಡಾಯಿತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಉಕ್ಕಿನ ಬಾಗಿಲು ನದಿಯ ಪಾಲಾಯಿತು. ಆ ಹೊತ್ತಿಗೆ ಜಲಾಶಯ ತುಂಬಿತ್ತು. ಒಡೆದ ಒಂದೇ ಕಿಂಡಿಯಿಂದ 35 ಸಾವಿರ ಕ್ಯುಸೆಕ್ ನೀರು ನುಗ್ಗಿತು. ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸಲು ಅವುಗಳನ್ನೂ ಎತ್ತಬೇಕಾಯಿತು. ಅಣೆಕಟ್ಟು ಇರುವ ಹೊಸಪೇಟೆಯಿಂದ ನೂರು ಕಿಲೋಮೀಟರಿನಷ್ಟು ದೂರದಲ್ಲಿರುವ ಸಿಂಧನೂರು ತಾಲ್ಲೂಕಿನ, ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪುಗಳಲ್ಲಿ ಅದು ನೆಲ್ಲು ನಾಟಿಯ ಕಾಲ. ಎಡದಂಡೆ ನಾಲೆಯ ಉದ್ದಕ್ಕೂ ಆಗ ಕೇಳಿಬರುತ್ತಿದ್ದದ್ದು ಒಂದೇ ಮಾತು: ನೀರು ಬರ್ತಾವೋ ಇಲ್ಲೋ?

ಆ ವರ್ಷ ನೀರು ಬಂತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಧುಮ್ಮಿಕ್ಕುತ್ತಿರುವಾಗಲೇ, ನಾಲ್ಕು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚಲಾಯಿತು. ಮೇಲಿನಿಂದ ಕ್ರೇನು ಇಳಿಸುತ್ತಿದ್ದ ಹಲಗೆಗಳನ್ನು ಕಿಂಡಿಗೆ ಕೂರಿಸಿದ ಕಾರ್ಮಿಕರ ಧೈರ್ಯವನ್ನು ಈ ಸೀಮೆ ಮರೆಯಬಾರದು. ಹಿಂಗಾರಿನ ಹೊತ್ತಿಗೆ ಮತ್ತೆ ಮಳೆ ಕೈಹಿಡಿದು ಜಲಾಶಯ ತುಂಬಿಕೊಂಡಿತು. ಆದರೆ ಅಂದು ತಪ್ಪಿದ ಗಂಡಾಂತರದ ನಿಜವಾದ ಬೆಲೆಯನ್ನು ರೈತ ಕಟ್ಟಿದ್ದು ಮರುವರ್ಷ. 2025ರಲ್ಲಿ ಜಲಾಶಯವನ್ನು 80 ಟಿಎಂಸಿಗಿಂತ ಹೆಚ್ಚು ತುಂಬಿಸಬಾರದು ಎಂದಾಯಿತು. ಮಳೆ ಚೆನ್ನಾಗಿಯೇ ಬಂದರೂ ಹೆಚ್ಚಿನ ನೀರೆಲ್ಲ ನದಿಗೆ ಹೋಯಿತು. ವರ್ಷದ ಕೊನೆಗೆ, ಎಲ್ಲ 33 ಗೇಟುಗಳನ್ನೂ ಬದಲಿಸುವ ಸಲುವಾಗಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವೂ ಬಂತು.

ಈ ತೀರ್ಮಾನ ತಪ್ಪು ಎಂದು ನಾನು ಹೇಳುತ್ತಿಲ್ಲ. ಗೇಟು ಬದಲಿಸಲೇಬೇಕಿತ್ತು. ನಾನು ಕೇಳುತ್ತಿರುವುದು ಬೇರೆ: ಇಷ್ಟು ದೊಡ್ಡ ದುರಸ್ತಿಗೆ ಮೊದಲು ಅದು ನದಿಗೆ, ನೆಲಕ್ಕೆ, ಕುಡಿಯುವ ನೀರಿಗೆ, ಕೂಲಿ ಮಾಡುವವರ ಬದುಕಿಗೆ ಏನು ಮಾಡುತ್ತದೆ ಎಂದು ಬರೆದಿಟ್ಟು ಜನರ ಮುಂದೆ ಇಡುವ ಕೆಲಸ ಯಾರದು?

ಮೊದಲು ಅಣೆಕಟ್ಟಿನ ವಿಚಾರ. 1945ರ ಫೆಬ್ರವರಿಯಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಜೊತೆಯಾಗಿ ಶಂಕುಸ್ಥಾಪನೆ ಮಾಡಿದವು. 1953ರಲ್ಲಿ ನಾಲೆಗೆ ನೀರು ಹರಿಯಿತು. ಗೋಡೆಗೆ ಬಳಸಿದ್ದು ಕಲ್ಲು ಮತ್ತು ಸುಣ್ಣ-ಸುರ್ಕಿ ಗಾರೆ. ಆ ಗೋಡೆ ಏಳು ದಶಕದಿಂದ ನಿಂತಿದೆ. ಸೋತದ್ದು ಕಲ್ಲಲ್ಲ, ಅದರ ನೆತ್ತಿಯ ಮೇಲಿನ ಕಬ್ಬಿಣ. ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಕೋಡಿಯ ನೆತ್ತಿ 1,613 ಅಡಿಯಲ್ಲಿದೆ. ನಡುವಿನ ಇಪ್ಪತ್ತು ಅಡಿ ನೀರನ್ನು ತಡೆದು ನಿಲ್ಲಿಸುವುದು ಈ 33 ಗೇಟುಗಳು. ಜಲಾಶಯವು ಬೋಗುಣಿಯಂತೆ ಮೇಲೆ ಅಗಲವಾಗಿರುವುದರಿಂದ ಒಟ್ಟು ಸಂಗ್ರಹದ ಅರ್ಧಕ್ಕಿಂತ ಹೆಚ್ಚು ಭಾಗ ನಿಂತಿರುವುದೇ ಈ ಗೇಟುಗಳ ಆಸರೆಯಲ್ಲಿ. ಗೇಟು ಹೋದರೆ ಡ್ಯಾಂ ಉಳಿಯುತ್ತದೆ, ಬೆಳೆ ಉಳಿಯುವುದಿಲ್ಲ.

ಎಪ್ಪತ್ತು ವರ್ಷ ನೀರು ಬಿಸಿಲುಗಳ ನಡುವೆ ನಿಂತ ಉಕ್ಕಿನ ಹಲಗೆ ತುಕ್ಕು ತಿಂದು ತೆಳ್ಳಗಾಗುತ್ತದೆ. ಸರಪಳಿಯ ಕೊಂಡಿ ಸವೆಯುತ್ತದೆ. ಒಂದು ಗೇಟು ಹೋದರೆ ತಕ್ಷಣ ಅಡ್ಡ ಇಳಿಸಲು ಸಿದ್ಧವಾಗಿರಬೇಕಾದ ಬದಲಿ ಹಲಗೆಗಳ ವ್ಯವಸ್ಥೆ ಈ ಅಣೆಕಟ್ಟಿನಲ್ಲಿ ಇರಲೇ ಇಲ್ಲ. ಅವಘಡದ ಬಳಿಕ ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ಸಮಿತಿ ಎಲ್ಲ ಗೇಟುಗಳನ್ನೂ ಬದಲಿಸಿ ಎಂದಿತು. 2025ರ ಆಗಸ್ಟ್‌ನಲ್ಲಿ, ಇನ್ನೂ ಏಳು ಗೇಟುಗಳು ಎತ್ತಲೂ ಇಳಿಸಲೂ ಆಗದ ಸ್ಥಿತಿಯಲ್ಲಿವೆ ಎಂಬುದು ಬಯಲಾಯಿತು. ಲಿಂಗಸುಗೂರಿನವರಿಗೆ ಇದು ಹೊಸ ಕತೆಯಲ್ಲ. ಅವರ ಪಕ್ಕದಲ್ಲೇ ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಬಸವಸಾಗರದಲ್ಲಿ 2005ರಲ್ಲೇ ಒಂದು ಗೇಟು ಕೊಚ್ಚಿಹೋಗಿತ್ತು.

ಅಲುಗದ ಗೇಟು ಎಂದರೆ ಏನೆಂದು ಗುಜರಾತಿನ ಮೋರ್ಬಿಗೆ ಗೊತ್ತು. 1979ರ ಆಗಸ್ಟ್ 11ರಂದು ಮಚ್ಚು-2 ಅಣೆಕಟ್ಟಿನ ಎಲ್ಲ ಗೇಟುಗಳನ್ನೂ ಎತ್ತಲು ಆಗಲಿಲ್ಲ. ನೀರು ಮಣ್ಣಿನ ಏರಿಯ ಮೇಲೆ ಹರಿದು ಏರಿ ಕುಸಿಯಿತು, ಸಾವಿರಾರು ಜನ ಸತ್ತರು. ನಮ್ಮ ನೆರೆಯ ಕಡಪ ಸೀಮೆಯ ಅನ್ನಮಯ್ಯ ಅಣೆಕಟ್ಟು 2021ರ ನವೆಂಬರ್‌ನಲ್ಲಿ ಕೊಚ್ಚಿಹೋದಾಗಲೂ ಅದರ ಒಂದು ಗೇಟು ಕೆಟ್ಟು ನಿಂತಿತ್ತು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2021ರಲ್ಲಿ ಹೊರತಂದ ವರದಿಯೊಂದು, 2025ರ ವೇಳೆಗೆ ಭಾರತದ ಸಾವಿರಕ್ಕೂ ಹೆಚ್ಚು ದೊಡ್ಡ ಅಣೆಕಟ್ಟುಗಳಿಗೆ ಐವತ್ತು ದಾಟುತ್ತದೆ ಎಂದು ಎಚ್ಚರಿಸಿತ್ತು. ಆದ್ದರಿಂದ ತುಂಗಭದ್ರಾ ಡ್ಯಾಮಿನ ಗೇಟು ಬದಲಾವಣೆ ಒಂದು ಊರಿನ ದುರಸ್ತಿಯಲ್ಲ. ಮುಂದೆ ಇಂಥ ನೂರಾರು ದುರಸ್ತಿಗಳು ಹೇಗೆ ನಡೆಯುತ್ತವೆ ಎಂಬುದಕ್ಕೆ ಇದು ಮಾದರಿಯಾಗಲಿದೆ. ನನ್ನ ಕಳವಳವೂ ಅದೇ.

ಕಾನೂನು ಏನು ಹೇಳುತ್ತದೆ? ಹೊಸ ಅಣೆಕಟ್ಟು ಕಟ್ಟುವುದಾದರೆ 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯಂತೆ ಅಧ್ಯಯನ ಆಗಬೇಕು, ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಹೂಳಿನಿಂದ ಕಳೆದುಹೋದ ಸಂಗ್ರಹಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮಾನಾಂತರ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆಯಲ್ಲ, ಅದು ನಿಜವಾಗುವ ದಿನ ಬಂದರೆ ಈ ಮೆಟ್ಟಿಲುಗಳನ್ನೆಲ್ಲ ಹತ್ತಲೇಬೇಕು. ಆದರೆ ಮುಳುಗಡೆಯನ್ನಾಗಲಿ ಅಚ್ಚುಕಟ್ಟನ್ನಾಗಲಿ ಹೆಚ್ಚಿಸದ ದುರಸ್ತಿ ಸಾಮಾನ್ಯವಾಗಿ ಈ ಅಧಿಸೂಚನೆಯ ವ್ಯಾಪ್ತಿಗೆ ಬರುವುದಿಲ್ಲ. ಇನ್ನು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ. ಮಳೆಗಾಲಕ್ಕೆ ಮುಂಚೆ ಮತ್ತು ನಂತರ ತಪಾಸಣೆ ಮಾಡಿ, ಸ್ವತಂತ್ರ ತಜ್ಞರಿಂದ ಸಮಗ್ರ ಪರೀಕ್ಷೆ ಮಾಡಿಸಿ, ತುರ್ತು ಕ್ರಿಯಾ ಯೋಜನೆ ತಯಾರಿಸಿ ಎಂದು ಅದು ಕಟ್ಟುನಿಟ್ಟಾಗಿ ಹೇಳುತ್ತದೆ. ಒಳ್ಳೆಯ ಕಾಯ್ದೆ. ಆದರೆ ಅದರ ಕಣ್ಣು ಅಣೆಕಟ್ಟಿನ ಮೇಲೆ, ಅದು ಒಡೆದರೆ ಕೊಚ್ಚಿಹೋಗುವವರ ಮೇಲೆ. ಅಣೆಕಟ್ಟನ್ನು ಸರಿಪಡಿಸುವಾಗ ಒಣಗುವವರ ಮೇಲಲ್ಲ. ವಿಶ್ವಬ್ಯಾಂಕ್ ನೆರವಿನ ಅಣೆಕಟ್ಟು ಪುನಶ್ಚೇತನ ಯೋಜನೆಯಲ್ಲಿ ಮಾತ್ರ ಪ್ರತಿ ಡ್ಯಾಮಿನ ದುರಸ್ತಿಗೂ ಪರಿಸರ ಮತ್ತು ಸಾಮಾಜಿಕ ಪರಿಶೀಲನೆ ಕಡ್ಡಾಯ. ಆ ಷರತ್ತು ಬರುವುದು ಸಾಲದ ಜೊತೆಗೆ. ನಮ್ಮದೇ ಹಣ ಹಾಕಿದರೆ ಆ ಷರತ್ತು ಇಲ್ಲ. ಸಾಲ ಕೊಟ್ಟವನಿಗೆ ಉತ್ತರ ಕೊಡಬೇಕು, ನೀರು ಕಳೆದುಕೊಂಡವನಿಗೆ ಬೇಡ ಎಂಬಂತಾಗಿದೆ ನಮ್ಮ ಪದ್ಧತಿ.

ಹೊರಗೆ ಹೀಗಿಲ್ಲ. ಕ್ಯಾಲಿಫೋರ್ನಿಯಾದ ಆಂಡರ್ಸನ್ ಅಣೆಕಟ್ಟು 1950ರದು, ನಮ್ಮ ತುಂಗಭದ್ರೆಯ ಓರಗೆಯದು. ಭೂಕಂಪಕ್ಕೆ ತಾಳಲಾರದು ಎಂಬ ಕಾರಣಕ್ಕೆ 2020ರಲ್ಲಿ ಅದನ್ನು ಬರಿದು ಮಾಡಲು ಅಲ್ಲಿನ ನಿಯಂತ್ರಣ ಆಯೋಗ ಆದೇಶಿಸಿತು. ಅಪಾಯ ತಪ್ಪಿಸುವ ಕೆಲಸಕ್ಕೆ ಅವರು ಯಾವ ವರದಿಗೂ ಕಾಯಲಿಲ್ಲ, ನೀರು ಇಳಿಸಿದರು. ಆದರೆ ಪೂರ್ಣ ದುರಸ್ತಿಗೆ ಮುನ್ನ ಪರಿಸರ ವರದಿಯ ಕರಡು 2023ರಲ್ಲಿ ಪ್ರಕಟವಾಯಿತು, ಜನ ಆಕ್ಷೇಪ ಬರೆದರು. ಕೆಳಗಿನ ಹಳ್ಳದ ಮೀನು ಬದುಕಲು ಬೇರೆಡೆಯಿಂದ ನೀರು ತಂದು ಹರಿಸುವ ವ್ಯವಸ್ಥೆಯೂ ಆಯಿತು. ಅಲ್ಲಿ ಖರ್ಚೂ ವಿಳಂಬವೂ ವಿಪರೀತ. ಅದನ್ನೇ ಇಲ್ಲಿಗೆ ತಂದು ನೆಡಬೇಕಿಲ್ಲ. ಆದರೆ ಎರಡು ಕೆಲಸಗಳನ್ನು ಬೇರೆ ಬೇರೆ ಮಾಡಿದ್ದು ಗಮನಿಸಬೇಕಾದದ್ದು: ಅಪಾಯ ತಡೆಯುವುದು ತಕ್ಷಣ, ದುರಸ್ತಿಯ ಲೆಕ್ಕ ಒಪ್ಪಿಸುವುದು ಬಹಿರಂಗವಾಗಿ. ನಮಗೆ 2024ರ ಆಗಸ್ಟ್‌ನಿಂದ 2025ರ ಡಿಸೆಂಬರ್‌ವರೆಗೆ ಹದಿನಾರು ತಿಂಗಳು ಸಿಕ್ಕಿದ್ದವು. ಒಂದು ಚಿಕ್ಕ, ಪ್ರಾಮಾಣಿಕ ಪರಿಶೀಲನೆಗೆ ಅಷ್ಟು ಕಾಲ ಧಾರಾಳ.

ಆ ಪರಿಶೀಲನೆಯಲ್ಲಿ ಏನಿರಬೇಕಿತ್ತು? ನದಿಯಿಂದಲೇ ಶುರು ಮಾಡೋಣ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಸರ್ಕಾರವೇ ಘೋಷಿಸಿದೆ. ಬಂಡೆಗಳ ಸಂದಿಯಲ್ಲಿ ಮರಿ ಹಾಕಿ, ಮಡುಗಳಲ್ಲಿ ಮೀನು ಹಿಡಿದು ಬದುಕುವ ಪ್ರಾಣಿ ಅದು. ಬೇಸಿಗೆಯಲ್ಲಿ ಆ ಮಡುಗಳಲ್ಲಿ ನೀರಿರುವುದು ಮೇಲಿನಿಂದ ಬಿಟ್ಟರೆ ಮಾತ್ರ. ದುರಸ್ತಿಯ ತಿಂಗಳುಗಳಲ್ಲಿ ಹೊಳೆಗೆ ದಿನಕ್ಕೆ ಕನಿಷ್ಠ ಎಷ್ಟು ನೀರು ಎಂಬುದು ಒಂದು ಸಾಲಿನ ಪ್ರಶ್ನೆ, ಅದಕ್ಕೆ ಒಂದು ಸಾಲಿನ ಉತ್ತರ ಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮದ ಹಕ್ಕಿಗಳು, ಹಿನ್ನೀರಿನ ಮೀನುಗಾರರು ಕೂಡ ಇದೇ ಲೆಕ್ಕಕ್ಕೆ ಸೇರುತ್ತಾರೆ. ಹಳೆಯ ಗೇಟುಗಳನ್ನು ಕತ್ತರಿಸಿ ತೆಗೆಯುವಾಗ ಉದುರುವ ತುಕ್ಕು, ಬಣ್ಣದ ಚಕ್ಕೆ, ಗ್ರೀಸು ಕೆಳಗಿನ ನೀರಿಗೆ ಬೀಳದಂತೆ ಹಿಡಿಯಬೇಕು. ಅಷ್ಟು ಹಳೆಯ ಬಣ್ಣದಲ್ಲಿ ಸೀಸ ಇದೆಯೋ ಇಲ್ಲವೋ ಒಮ್ಮೆ ಪರೀಕ್ಷಿಸಬೇಕು. ಕಂಪ್ಲಿ, ಗಂಗಾವತಿ ಕಡೆಯ ಹಳ್ಳಿಗಳು ಅದೇ ಹೊಳೆಯ ನೀರನ್ನು ಬಳಸುತ್ತವೆ.

ಆದರೆ ಪರಿಸರ ಎಂದೊಡನೆ ನೀರುನಾಯಿ, ಹಕ್ಕಿ, ಕಾಡು ಎಂದಷ್ಟೇ ನೆನೆಯುವ ರೂಢಿಯನ್ನು ನಾವು ಬಿಡಬೇಕು. ಈ ಅಣೆಕಟ್ಟಿನ ದೊಡ್ಡ ಪರಿಸರ ಇರುವುದು ಅದರ ನಾಲೆಯಲ್ಲಿ. ಎಡದಂಡೆ ನಾಲೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗೆ ಸುಮಾರು 227 ಕಿಲೋಮೀಟರ್ ಹರಿಯುತ್ತದೆ. ಸುಮಾರು ಆರು ಲಕ್ಷ ಎಕರೆಗೆ ನೀರುಣಿಸುತ್ತದೆ. ಇಲ್ಲಿ ನಾಲೆ ಎಂದರೆ ಬರೀ ಹೊಲದ ನೀರಲ್ಲ. ಹಳ್ಳಿಗಳ ಕುಡಿಯುವ ನೀರಿನ ಕೆರೆಗಳು ತುಂಬುವುದು ಅದರಿಂದ. ದನ ನೀರು ಕುಡಿಯುವುದು ಅಲ್ಲಿ. ಬಾವಿ, ಬೋರಿನ ಸೆಲೆ ಉಳಿದಿರುವುದು ಅದರ ಜಿನುಗಿನಿಂದ. ರಾಯಚೂರು ಜಿಲ್ಲೆಯ ಎಷ್ಟೋ ಕಡೆ ನೆಲದಾಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಿದ, ಮೂಳೆ ಬಾಗಿದ ಜನರನ್ನು ಈ ಜಿಲ್ಲೆ ಕಂಡಿದೆ. ನಾಲೆ ನಿಂತು ಕೆರೆ ತಳ ಕಂಡರೆ ಜನ ಹೋಗುವುದು ಬೋರಿನ ಕಡೆಗೆ. ಅಂದರೆ ಹೊಸಪೇಟೆಯಲ್ಲಿ ಒಂದು ಗೇಟು ಬಿಚ್ಚಿದರೆ ಸಿಂಧನೂರಿನ ಮಗುವೊಂದರ ಲೋಟದ ನೀರು ಬದಲಾಗುತ್ತದೆ. ಇದನ್ನು ಪರಿಸರ ಪರಿಣಾಮ ಎನ್ನದೆ ಬೇರೆ ಏನೆನ್ನಬೇಕು? ಎಷ್ಟು ಕೆರೆಗಳನ್ನು ಯಾವ ತಾರೀಖಿನೊಳಗೆ ತುಂಬಿಸಿಕೊಳ್ಳಬೇಕು, ಯಾವ ಹಳ್ಳಿಗೆ ಶುದ್ಧ ನೀರಿನ ಘಟಕ ಮೊದಲೇ ದುರಸ್ತಿಯಾಗಬೇಕು ಎಂಬ ಪಟ್ಟಿ ಗೇಟಿನ ಟೆಂಡರಿನಷ್ಟೇ ಮುಖ್ಯ.

ಇನ್ನು ಆರ್.ಎಚ್. ಕ್ಯಾಂಪ್. ತುಂಗಭದ್ರಾ ಅಚ್ಚುಕಟ್ಟಿನಲ್ಲಿ 'ಕ್ಯಾಂಪ್' ಎಂಬುದು ಊರಿನ ಹೆಸರಿನ ಭಾಗವೇ ಆಗಿದೆ. ನಾಲೆ ಬಂದಾಗ ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದ ರೈತರ ಬಿಡಾರಗಳು ಕ್ಯಾಂಪುಗಳಾದವು. ಆರ್.ಎಚ್. ಎಂಬ ಎರಡು ಅಕ್ಷರಗಳ ಹಿಂದೆ ಇರುವುದು ಮಾತ್ರ ಪುನರ್ವಸತಿ ಎಂಬ ಮಾತು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳಿಗೆ, ಬರ್ಮಾದಿಂದ ಮರಳಿದವರಿಗೆ ಸರ್ಕಾರ ಇಲ್ಲಿ ಜಾಗ ಕೊಟ್ಟಿತು. ನದಿಗಳ ಮುಖಜ ಭೂಮಿಯಿಂದ ಬಂದ ಜನ ಎರೆಭೂಮಿಯ ಬಿಸಿಲಿನಲ್ಲಿ ಬೇರೂರಿದರು, ನೆಲ್ಲು ಬೆಳೆದರು, ಹೊಂಡ ತೋಡಿ ಮೀನು ಸಾಕಿದರು, ದುರ್ಗಾಪೂಜೆ ಮಾಡಿದರು, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದರು. ಅವರು ಉಂಡದ್ದು ಇದೇ ನಾಲೆಯ ನೀರಿನ ಅನ್ನ.

ಆ ನೀರನ್ನು ನಿಲ್ಲಿಸಲು ಮುಳುಗಿದ್ದು ತೊಂಬತ್ತು ಹಳ್ಳಿ, ಎಬ್ಬಿಸಿದ್ದು ಸುಮಾರು 54 ಸಾವಿರ ಜನರನ್ನು. ಒಬ್ಬರನ್ನು ಎಬ್ಬಿಸಿ ನಿಲ್ಲಿಸಿದ ನೀರಿನ ಮೇಲೆ ಇನ್ನೊಂದು ನಾಡಿನಿಂದ ಎದ್ದುಬಂದವರ ಮನೆ ನಿಂತಿತು. ಎರಡು ಸಲವೂ ತೀರ್ಮಾನ ಆದದ್ದು ಅವರನ್ನು ಕೇಳದೆ. ಮೂರನೆಯ ಸಲ, ಅಣೆಕಟ್ಟಿನ ದುರಸ್ತಿಯ ವಿಚಾರದಲ್ಲಾದರೂ, ಕೇಳಬಹುದಿತ್ತು.

ಕೇಳಿದ್ದರೆ ಏನು ತಿಳಿಯುತ್ತಿತ್ತು? ಒಂದು ಬೆಳೆ ಹೋದರೆ ಜಮೀನಿನ ಒಡೆಯನಿಗೆ ನಷ್ಟ, ಗುತ್ತಿಗೆಗೆ ಮಾಡಿದವನಿಗೆ ಸಾಲ, ಕೂಲಿಯವನಿಗೆ ಗುಳೆ. ಪರಿಹಾರದ ಚರ್ಚೆ ಎಕರೆಯ ಲೆಕ್ಕದಲ್ಲಿ ನಡೆಯುತ್ತದೆ. ರೈತ ಸಂಘಟನೆಗಳು ಕೇಳಿದ್ದೂ ಎಕರೆಗೆ ಇಷ್ಟು ಎಂದೇ. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಎಕರೆಯೇ ಇಲ್ಲದ ಹೆಂಗಸು, ನಾಟಿ ಮಾಡಿ, ಕಳೆ ಕಿತ್ತು ಬೇಸಿಗೆಯನ್ನು ದಾಟುತ್ತಿದ್ದವಳು, ಯಾವ ಪಹಣಿಯಲ್ಲೂ ಇರುವುದಿಲ್ಲ. ಹೊಂಡದ ಮೀನು ನೀರಿಲ್ಲದೆ ಸತ್ತರೆ ಅದನ್ನು ಬೆಳೆ ಎಂದು ಬರೆದುಕೊಳ್ಳುವವರಿಲ್ಲ. ನೆಲ್ಲು ಹುಲ್ಲಿಲ್ಲದೆ ಎಮ್ಮೆ ಮಾರಿದವನ ಲೆಕ್ಕ ಇನ್ನೂ ಹೊರಗೆ. ಸಾಮಾಜಿಕ ಪರಿಶೀಲನೆ ಎಂಬ ಭಾರವಾದ ಮಾತಿಗೆ ನಿಜವಾದ ಅರ್ಥ ಇಷ್ಟೇ: ಮನೆ ಮನೆಗೆ ಹೋಗಿ ಈ ಲೆಕ್ಕ ಬರೆದುಕೊಂಡು ಬರುವುದು.

ನಾಲೆಯ ಕೊನೆ ಭಾಗದವರ ಮಾತು ಬೇರೆಯೇ ಇದೆ. ಮೇಲಿನವರು ಮಿತಿಮೀರಿ ನೆಲ್ಲು ಹಾಕುವುದರಿಂದ ಮಾನ್ವಿ, ರಾಯಚೂರು ಕಡೆಗೆ ತುಂಬಿದ ವರ್ಷಗಳಲ್ಲೂ ನೀರು ಸರಿಯಾಗಿ ತಲುಪುವುದಿಲ್ಲ. 'ಎರಡನೇ ಬೆಳೆಗೆ ನೀರಿಲ್ಲ' ಎಂಬ ಸುದ್ದಿ ಅವರಿಗೆ ಪ್ರತಿ ವರ್ಷದ ಅನುಭವ. ಮಸ್ಕಿ, ಲಿಂಗಸುಗೂರಿನ ಎಷ್ಟೋ ಹಳ್ಳಿಗಳಿಗೆ ನಾಲೆಯೇ ಇಲ್ಲ, ಬೇಕೆಂದು ಧರಣಿ ಕೂತವರು ಅವರು. ನೀರಿದ್ದವರ ನಷ್ಟವನ್ನಷ್ಟೇ ಬರೆದ ವರದಿ ಈ ಸೀಮೆಯ ಅರ್ಧ ಸತ್ಯವನ್ನು ಮಾತ್ರ ಹೇಳೀತು.

ಒಂದು ಅಚ್ಚರಿಯ ವಿಚಾರವೂ ಇದೆ. ಅದನ್ನು ಹೇಳಲು ರೈತರ ಮುಂದೆ ಯಾರಿಗೂ ಬಾಯಿ ಬರುವುದಿಲ್ಲ. ಎಪ್ಪತ್ತು ವರ್ಷದ ನೀರು ಈ ಎರೆಭೂಮಿಯ ಸಾವಿರಾರು ಎಕರೆಯನ್ನು ಸವಳು ಜವಳು ಮಾಡಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ಕೆಲಸ ಮಾಡುತ್ತಿರುವುದೇ ಈ ಉಪ್ಪಿನ ನೆಲದ ಮೇಲೆ. ಒಂದು ಬೇಸಿಗೆ ನೀರು ನಿಂತರೆ ಅಂತರ್ಜಲ ಇಳಿಯುತ್ತದೆ. ಬಸಿಗಾಲುವೆ ಕೆದಕಲು, ನೆಲದಡಿ ಬಸಿಯುವ ಕೊಳವೆ ಹಾಕಲು, ಜಿಪ್ಸಂ ಕೊಡಲು, ಮುಂಗಾರಿನ ಮೊದಲ ಮಳೆಗೆ ಡೈಂಚಾ ಬಿತ್ತಲು ಬೇರೆ ಯಾವಾಗಲೂ ಸಿಗದ ಬಿಡುವು ಅದು. ನಾಲೆಯ ಒಡೆದ ಲೈನಿಂಗ್ ಸರಿಪಡಿಸಲು, ಉಪಕಾಲುವೆಯ ಹೂಳು ತೆಗೆಯಲು, ತೂಬುಗಳ ಕಳ್ಳಗಂಡಿ ಮುಚ್ಚಲು ಕೂಡ. ಮೊದಲೇ ಪರಿಶೀಲನೆ ನಡೆದಿದ್ದರೆ ಈ ಕೆಲಸಗಳನ್ನು ಉದ್ಯೋಗ ಖಾತರಿಯ ಜೊತೆ ಹೊಂದಿಸಿ, ಗುಳೆ ಹೋಗುವ ಕೈಗಳಿಗೆ ಇಲ್ಲೇ ಕೆಲಸ ಕೊಡಬಹುದಿತ್ತು. ಒಣಗಿದ ನಾಲೆಯನ್ನು ಬರೀ ನಷ್ಟ ಎಂದು ನೋಡಿದರೆ ಅದು ನಷ್ಟವಾಗಿಯೇ ಉಳಿಯುತ್ತದೆ. ನನಗೆ ಅತಿ ಹೆಚ್ಚು ನೋವಾಗುವುದು ಈ ಕೈತಪ್ಪಿದ ಅವಕಾಶಕ್ಕೆ.

ಹೂಳಿನ ಮಾತನ್ನೂ ಇಲ್ಲೇ ಹೇಳಬೇಕು. ಕಟ್ಟಿದಾಗ 133 ಟಿಎಂಸಿಯಷ್ಟಿದ್ದ ಸಾಮರ್ಥ್ಯ ಇಂದು ಸುಮಾರು 105 ಟಿಎಂಸಿಗೆ ಇಳಿದಿದೆ. ಹೊಸ ಗೇಟು ಬಂದರೂ ಹಳೆಯ ನೀರು ಬರುವುದಿಲ್ಲ. ಜಲಾಶಯದ ನೀರು ಇಳಿದ ಕಾಲದಲ್ಲಿ ಬಯಲಾಗುವ ಅಂಚಿನ ಹೂಳನ್ನು ರೈತರು ಹೊಲಕ್ಕೆ ಒಯ್ಯಬಹುದೇ, ಅದರಲ್ಲಿ ಮೇಲಿನ ಕಾರ್ಖಾನೆ, ಪಟ್ಟಣಗಳ ಕೊಳೆ ಎಷ್ಟಿದೆ, ಟ್ರ್ಯಾಕ್ಟರು ಓಡಾಡಿದರೆ ಹಕ್ಕಿಗಳ ಗೂಡಿಗೆ ಏನಾಗುತ್ತದೆ ಎಂಬುದನ್ನೆಲ್ಲ ಒಂದು ಮಣ್ಣು ಪರೀಕ್ಷೆ, ಒಂದು ನಕ್ಷೆ ಹೇಳಿಬಿಡುತ್ತಿತ್ತು.

'ಇಷ್ಟೆಲ್ಲ ಪರಿಶೀಲನೆ ಮಾಡುತ್ತ ಕೂತರೆ ಇನ್ನೊಂದು ಗೇಟು ಹೋಗುತ್ತದೆ' ಎಂಬ ಆಕ್ಷೇಪ ಬರುತ್ತದೆ. ಗಂಭೀರವಾದ ಆಕ್ಷೇಪ, ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಉತ್ತರ ಕಾಲಮಿತಿ. ಸುರಕ್ಷತೆಯ ದುರಸ್ತಿಗೆ ಅನುಮತಿ ಕೊಡುವ ಅಥವಾ ತಡೆಯುವ ಅಧಿಕಾರ ಪರಿಸರ ಪರಿಶೀಲನೆಗೆ ಬೇಡ. ದುರಸ್ತಿ ಆಗಿಯೇ ಆಗುತ್ತದೆ. ಹೇಗೆ, ಯಾವ ತಿಂಗಳಲ್ಲಿ, ಯಾರಿಗೆ ಏನು ಕೊಟ್ಟು ಎಂಬುದನ್ನು ತೊಂಬತ್ತು ದಿನದೊಳಗೆ ಬರೆದು ಒಪ್ಪಿಸಲಿ. ಗೇಟು ತಯಾರಾಗಲು ಕಾರ್ಖಾನೆಗೆ ಅದಕ್ಕಿಂತ ಹೆಚ್ಚು ಕಾಲ ಬೇಕು, ಹಾಗಾಗಿ ಒಂದು ದಿನವೂ ತಡವಾಗುವುದಿಲ್ಲ. ಈ ಸಣ್ಣ ತಿದ್ದುಪಡಿಯನ್ನು ಅಣೆಕಟ್ಟು ಸುರಕ್ಷತಾ ಕಾಯ್ದೆಯ ನಿಯಮಗಳಿಗೆ ಸೇರಿಸಿದರೂ ಸಾಕು.

ಅದೇ ಕಾಯ್ದೆ ಜಾರಿಗೆ ಬಂದದ್ದು 2021ರ ಡಿಸೆಂಬರ್ 30ರಂದು. ಪ್ರತಿ ಅಣೆಕಟ್ಟಿಗೂ ತುರ್ತು ಕ್ರಿಯಾ ಯೋಜನೆ ತಯಾರಿಸಲು ಅದು ಕೊಟ್ಟ ಐದು ವರ್ಷದ ಗಡುವು ಮುಗಿಯುವುದು 2026ರ ಡಿಸೆಂಬರ್‌ಗೆ. ಆ ಯೋಜನೆಗಾಗಿ ಅಧಿಕಾರಿಗಳು ಹೇಗೂ ನದಿ ದಂಡೆಯ ಹಳ್ಳಿಗಳಿಗೆ ಹೋಗಬೇಕು, ಜನರ ಜೊತೆ ಮಾತಾಡಬೇಕು. ಆಗ ನಾಲೆಯ ಹಳ್ಳಿಗಳಿಗೂ ಬರಲಿ. ಹೊಸಪೇಟೆಯಲ್ಲಿ ಒಂದು ಸಭೆ ನಡೆದರೆ ಸಿಂಧನೂರಿನಲ್ಲಿ ಒಂದು, ಕೊನೆ ಭಾಗದಲ್ಲಿ ಒಂದು ನಡೆಯಲಿ. ಮುಂದಿನ ಸಲ ನಾಲೆ ನಿಲ್ಲಿಸುವ ನೋಟಿಸನ್ನು ತಾಲ್ಲೂಕು ಕಚೇರಿಯ ಗೋಡೆಗಷ್ಟೇ ಅಂಟಿಸದೆ ಕ್ಯಾಂಪುಗಳ ಶಾಲೆ, ಚಹಾ ಅಂಗಡಿಗಳ ಮುಂದೂ ಅಂಟಿಸಲಿ, ಕನ್ನಡದ ಜೊತೆಗೆ ತೆಲುಗಿನಲ್ಲೂ ಬಂಗಾಳಿಯಲ್ಲೂ, ಸಸಿ ಮಡಿಗೆ ಬೀಜ ಚೆಲ್ಲುವ ಮುಂಚೆ.